ಜಗಲಿಯ ಹೆಂಡತಿ, ಮೆತ್ತಿನ ಗಂಡ

ಪ್ರಶ್ನೆ: ನಾನು ಕಾರವಾರದ ಪೇಟೆಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಶಿರಸಿ ಕಡೆಯ ಹಳ್ಳಿಗೆ ಬಂದು 13 ವರ್ಷವಾಯಿತು. ತೋಟದ ಮನೆ, ಪಕ್ಕದ ಮನೆಗೆ ಹೋಗಬೇಕೆಂದರೆ ಗದ್ದೆ ದಾಟಬೇಕು. ನನಗೆ ಜನ ಬೇಕು, ಮಾತು ಬೇಕು. ಯಜಮಾನರು ಒಳ್ಳೆಯವರೇ, ಆದರೆ ನೆಂಟರು ಬಂದರೆ ಮುಕ್ಕಾಲು ಗಂಟೆ ಕೂತು ಮೆತ್ತು (ಮಹಡಿ) ಹತ್ತಿಬಿಡುತ್ತಾರೆ. 11 ವರ್ಷದ ಮಗಳೂ ಹಾಗೇ. ಬಂದವರೆಲ್ಲ "ಮಾತು ಬತ್ತಿಲ್ಯನೇ ಕೂಸೇ?" ಎಂದು ಕೇಳುತ್ತಾರೆ. ಶಾಲೆಯ ಅಕ್ಕೋರು "ಬುದ್ಧಿ ಇದೆ, ಕೈ ಎತ್ತುವುದಿಲ್ಲ" ಅಂದರು. ಮೊಬೈಲಿನಲ್ಲಿ ಸ್ವಭಾವದ ಪರೀಕ್ಷೆ ಮಾಡಿದೆ. ಯಜಮಾನರಿಗೆ 'ಇಂಟ್ರೋವರ್ಟ್' ಎಂದು ಬಂತು. ನನಗೆ ಮೊದಲು 'ಎಕ್ಸ್‌ಟ್ರೋವರ್ಟ್' ಬಂತು. ಮನೆಯಲ್ಲಿ ದೊಡ್ಡ ಕಾರ್ಯ ಮುಗಿದ ಮರುದಿನ ಮತ್ತೆ ಮಾಡಿದರೆ 'ಇಂಟ್ರೋವರ್ಟ್'! ಇದೆಲ್ಲ ಏನು? ಕಾಯಿಲೆಯೇ, ಸ್ವಭಾವವೇ? ಮಗಳನ್ನು ಈಗಲೇ ತಿದ್ದಬೇಕೇ?

ಉತ್ತರ: ನೆಂಟರು ಬಂದ ಆ ಸಂಜೆಯನ್ನೇ ಹಿಡಿದು ನೋಡೋಣ. ನಾಲ್ಕೂವರೆಗೆ ಬಂದರು, ಚಾ ಆಯಿತು, ಕವಳದ (ಎಲೆ-ಅಡಿಕೆಯ) ಬಟ್ಟಲು ನಡುವೆ ಬಂತು. ಅಡಿಕೆ ದರದಿಂದ ಹೊರಟ ಮಾತು ಯಾರದೋ ಮಗನ ಬೆಂಗಳೂರಿನ ಮನೆಗೆ ಹೋಗಿ, ಅಲ್ಲಿಂದ ಇನ್ಯಾರದೋ ನಿಶ್ಚಿತಾರ್ಥಕ್ಕೆ ಹೊರಳಿತು. ಐದೂಕಾಲರ ಹೊತ್ತಿಗೆ ನಿಮಗೆ ಈಗಷ್ಟೇ ಮಾತು ಶುರುವಾದ ಹಾಗಿದೆ. ಯಜಮಾನರ ಉತ್ತರ ಆಗಲೇ "ಹೌದು", "ಅಕ್ಕು" (ಆಗಬಹುದು) ಎಂಬಲ್ಲಿಗೆ ಇಳಿದಿದೆ. ಜಗಲಿ ಒಂದೇ, ನೆಂಟರು ಅವರೇ, ಕಳೆದ ಹೊತ್ತೂ ಅಷ್ಟೇ. ಕವಳಕ್ಕೆ ಸುಣ್ಣ ಹಚ್ಚುವಾಗ ಹೇಗೋ ಹಾಗೆ: ಒಬ್ಬರಿಗೆ ಏನೂ ಸಾಲದ ಸುಣ್ಣ ಇನ್ನೊಬ್ಬರ ನಾಲಿಗೆ ಸುಡುತ್ತದೆ. ಬಹಿರ್ಮುಖಿ (ಎಕ್ಸ್‌ಟ್ರೋವರ್ಟ್), ಅಂತರ್ಮುಖಿ (ಇಂಟ್ರೋವರ್ಟ್) ಎಂಬ ಎರಡು ಪದಗಳು ಹೇಳುವುದು ಬಹುಮಟ್ಟಿಗೆ ಈ ಸುಣ್ಣದ ಅಳತೆಯನ್ನೇ. ಜನ, ಸದ್ದು, ಹೊಸತು, ಗಡಿಬಿಡಿ ಇವೆಲ್ಲ ಯಾರಿಗೆ ಎಷ್ಟಿದ್ದರೆ ಹಿತ ಎಂಬ ಅಳತೆ. ಒಳ್ಳೆಯತನ, ಬುದ್ಧಿ, ಧೈರ್ಯ, ಮನೆಯವರ ಮೇಲಿನ ಪ್ರೀತಿ ಯಾವುದೂ ಈ ಅಳತೆಯಲ್ಲಿ ಬರುವುದಿಲ್ಲ.

ಈ ಎರಡು ಪದಗಳನ್ನು ಜನರ ಬಾಯಿಗೆ ತಂದವರು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್, 1921ರಲ್ಲಿ. ಮನಸ್ಸಿನ ಒಲವು ಹೊರಗಿನ ವಸ್ತು-ವ್ಯಕ್ತಿಗಳ ಕಡೆ ಹರಿಯುತ್ತದೋ, ಒಳಗಿನ ವಿಚಾರಗಳ ಕಡೆ ಹರಿಯುತ್ತದೋ ಎಂಬುದು ಅವರ ವಿಂಗಡಣೆ. ಮನೋವಿಜ್ಞಾನಿ ಹ್ಯಾನ್ಸ್ ಐಸೆಂಕ್ 1960ರ ದಶಕದಲ್ಲಿ ಇದಕ್ಕೆ ದೇಹದ ಕಾರಣ ಹುಡುಕಿದರು. ಮಿದುಳಿನ ಕಾಂಡದಿಂದ ಮೇಲೇರುವ ಒಂದು ನರಜಾಲ ನಮ್ಮನ್ನು ಎಚ್ಚರವಾಗಿಡುತ್ತದೆ. ಅಂತರ್ಮುಖಿಗಳಲ್ಲಿ ಈ ಎಚ್ಚರದ ಮಟ್ಟ ಮೊದಲೇ ಮೇಲಿರುತ್ತದೆ, ಹಾಗಾಗಿ ಸ್ವಲ್ಪ ಗದ್ದಲಕ್ಕೇ ತುಂಬಿ ಬರುತ್ತದೆ. ಬಹಿರ್ಮುಖಿಗಳಲ್ಲಿ ಕೆಳಗಿರುತ್ತದೆ, ಅವರಿಗೆ ಹೊರಗಿನಿಂದ ಹೆಚ್ಚು ಬೇಕಾಗುತ್ತದೆ ಎಂದರು. ನಾಲಿಗೆಯ ಮೇಲೆ ಕೆಲವು ಹನಿ ಲಿಂಬೆರಸ ಬಿಟ್ಟು ಜೊಲ್ಲು ಅಳೆದ ಪ್ರಯೋಗಗಳಲ್ಲಿ ಅಂತರ್ಮುಖಿಗಳ ಬಾಯಲ್ಲಿ ಸರಾಸರಿ ಹೆಚ್ಚು ಜೊಲ್ಲು ಬಂದದ್ದೂ ಈ ವಾದಕ್ಕೆ ಬೆಂಬಲವಾಯಿತು. ಹಾಗೆಂದು ಮಾವಿನಕಾಯಿಯ ಅಪ್ಪೆಹುಳಿ ಕುಡಿಸಿ ಯಜಮಾನರನ್ನು ಪರೀಕ್ಷಿಸಲು ಹೋಗಬೇಡಿ. ಗುಂಪಿನ ಸರಾಸರಿಯಲ್ಲಿ ಕಾಣುವ ವ್ಯತ್ಯಾಸ ಒಬ್ಬ ವ್ಯಕ್ತಿಯ ಬಗ್ಗೆ ತೀರ್ಪು ಕೊಡಲಾರದು.

ಈಗಿನ ಸಂಶೋಧಕರು ಇದರ ಜೊತೆಗೆ ಇನ್ನೊಂದು ಅಂಶಕ್ಕೆ ಹೆಚ್ಚು ತೂಕ ಕೊಡುತ್ತಾರೆ. ಏನೋ ಒಳ್ಳೆಯದು ಸಿಗಲಿದೆ ಎಂಬ ಸುಳಿವಿಗೆ ಮಿದುಳು ಎಷ್ಟು ಚುರುಕಾಗಿ ಏಳುತ್ತದೆ ಎಂಬುದು. ಡೋಪಮೈನ್ ಎಂಬ ರಾಸಾಯನಿಕಕ್ಕೆ ಇದರಲ್ಲಿ ದೊಡ್ಡ ಪಾಲಿದೆ. ದಣಪೆ (ಬೇಲಿಯ ಬಾಗಿಲು) ಸರಿದ ಸದ್ದು ಕೇಳಿದರೆ ನಿಮಗೆ "ಯಾರೋ ಬಂದರು!" ಎಂಬ ಸಂಭ್ರಮ. ಯಜಮಾನರಿಗೆ ಅದೇ ಸದ್ದು "ಯಾರೋ ಬಂದರು" ಎಂಬ ಸಮಾಚಾರ, ಅಷ್ಟೇ. ಅವರು ನೆಂಟರನ್ನು ದ್ವೇಷಿಸುತ್ತಿಲ್ಲ. ನಿಮಗೆ ಬರುವ ಹಬ್ಬದ ಗುಂಗು ಅವರಿಗೆ ಅಷ್ಟು ಬಲವಾಗಿ ಬರುವುದಿಲ್ಲ.

ಇನ್ನು ಆ ಮೊಬೈಲ್ ಪರೀಕ್ಷೆ. ಎತ್ತರದ ಹಾಗೆ ಈ ಗುಣವೂ ಒಂದು ಉದ್ದನೆಯ ಅಳತೆಗೋಲು. ತೀರಾ ಈ ತುದಿ, ತೀರಾ ಆ ತುದಿಯಲ್ಲಿ ಇರುವವರು ಕಡಿಮೆ. ಹೆಚ್ಚಿನವರು ನಡುವೆಯೇ ಇರುತ್ತಾರೆ. ಅವರನ್ನು ಉಭಯಮುಖಿ ಎನ್ನಬಹುದು. ಜನರನ್ನು 'ಟೈಪ್'ಗಳಾಗಿ ಒಡೆಯುವ ಪರೀಕ್ಷೆಗಳು ಆ ಕೋಲನ್ನು ನಟ್ಟನಡುವೆ ಕತ್ತರಿಸಿ, 49 ಬಂದವರಿಗೆ ಒಂದು ಹಣೆಪಟ್ಟಿ, 51 ಬಂದವರಿಗೆ ಇನ್ನೊಂದು ಅಂಟಿಸುತ್ತವೆ. ಕೆಲವೇ ವಾರ ಬಿಟ್ಟು ಮತ್ತೆ ಬರೆದರೆ ಪಟ್ಟಿ ಬದಲಾಗುವವರು ಬಹಳ. ನಿಮ್ಮ ವಿಷಯದಲ್ಲಿ ಕಾರಣ ಇನ್ನೂ ಸರಳ. ಮೂರು ದಿನ ನೂರಾರು ಜನಕ್ಕೆ ಬಡಿಸಿ, ಪಾತ್ರೆ ಎಣಿಸಿ, ಬಂದವರನ್ನು ಕಳಿಸಿಕೊಟ್ಟ ಮರುದಿನ "ನಿಮಗೆ ಜನರ ನಡುವೆ ಇರುವುದು ಇಷ್ಟವೇ?" ಎಂದು ಕೇಳಿದರೆ ಯಾರು ತಾನೇ ಹೌದು ಅಂದಾರು! ಆ ಪರೀಕ್ಷೆ ಅಳೆದದ್ದು ನಿಮ್ಮ ಸೊಂಟನೋವನ್ನು.

ಅಧ್ಯಯನಕ್ಕೆ ಬಳಸುವ ವಿಸ್ತಾರವಾದ ಪ್ರಶ್ನಾವಳಿಗಳು ಬಹಿರ್ಮುಖತೆಯನ್ನು ಒಂದೇ ಮುದ್ದೆಯಾಗಿ ನೋಡುವುದಿಲ್ಲ. ಹೆಚ್ಚು ಬಳಕೆಯಲ್ಲಿರುವ ಒಂದರಲ್ಲಿ ಆರು ಎಳೆಗಳಿವೆ: ಆತ್ಮೀಯತೆ, ಗುಂಪಿನ ಹಂಬಲ, ಮುಂದೆ ನಿಂತು ಹೇಳುವ ಗುಣ, ಕೆಲಸದ ಚುರುಕು, ರೋಮಾಂಚನದ ಆಸೆ, ಉಲ್ಲಾಸ. ಒಬ್ಬರಲ್ಲೇ ಕೆಲವು ಹೆಚ್ಚು, ಕೆಲವು ಕಡಿಮೆ ಇರುತ್ತವೆ. ಹಳೆಯ ಗೆಳೆಯ ಒಬ್ಬನೇ ಬಂದರೆ ನಿಮ್ಮ ಯಜಮಾನರು ತೋಟದ ತುದಿವರೆಗೆ ಕರೆದುಕೊಂಡು ಹೋಗಿ ಎರಡು ತಾಸು ಮಾತಾಡುತ್ತಾರೆಯೇ ಗಮನಿಸಿ. ಹಾಗಿದ್ದರೆ ಅವರಲ್ಲಿ ಆತ್ಮೀಯತೆ ಧಾರಾಳವಾಗಿದೆ, ಗುಂಪಿನ ಹಂಬಲ ಮಾತ್ರ ಕಡಿಮೆ. ಹತ್ತು ಜನರನ್ನು ಒಟ್ಟಿಗೆ ಕರೆಯುವ ಬದಲು ಇಬ್ಬಿಬ್ಬರನ್ನು ಬೇರೆ ಬೇರೆ ದಿನ ಕರೆದು ನೋಡಿ. ಎಷ್ಟೋ ಮನೆಗಳಲ್ಲಿ ಇದೊಂದೇ ಬದಲಾವಣೆಗೆ ಅರ್ಧ ಜಗಳ ಇಳಿಯುತ್ತದೆ.

ಮಗಳ ವಿಷಯಕ್ಕೆ ಬರುವ ಮೊದಲು ಒಂದು ಗಂಟು ಬಿಡಿಸಬೇಕು. ಸುಮ್ಮನಿರುವ ಮಕ್ಕಳನ್ನೆಲ್ಲ ಒಂದೇ ಬುಟ್ಟಿಗೆ ಹಾಕುವುದು ದೊಡ್ಡ ತಪ್ಪು. ಅಂತರ್ಮುಖತೆ ಬೇರೆ, ಸಂಕೋಚ ಬೇರೆ, ಜನಭಯ ಬೇರೆ. ಗೆಳತಿಯ ಮನೆಯ ಹುಟ್ಟುಹಬ್ಬಕ್ಕೆ ಕರೆ ಬಂದಿದೆ ಎಂದುಕೊಳ್ಳಿ. ಅಂತರ್ಮುಖಿ ಮಗು "ಹೋಗಲೇಬೇಕಾ?" ಎಂದು ಸಮಾಧಾನವಾಗಿ ಕೇಳುತ್ತದೆ. ಬೇಡವೆಂದರೆ ಚಿತ್ರ ಬರೆಯುತ್ತಲೋ ಕರುವಿನ ಜೊತೆಯೋ ಖುಷಿಯಾಗಿ ಇರುತ್ತದೆ, ತಪ್ಪಿಹೋಯಿತೆಂಬ ಕೊರಗಿಲ್ಲ. ಸಂಕೋಚದ ಮಗುವಿಗೆ ಹೋಗುವ ಆಸೆ ತುಂಬಾ ಇದೆ. ಅಂಗಿ ಆರಿಸಿಟ್ಟಿರುತ್ತದೆ, ಆ ಮನೆಯ ಮೆಟ್ಟಿಲ ಹತ್ತಿರ ನಿಮ್ಮ ಸೆರಗು ಹಿಡಿಯುತ್ತದೆ, ಅರ್ಧ ಗಂಟೆ ಕಳೆದ ಮೇಲೆ ಆಟಕ್ಕೆ ಸೇರಿಕೊಳ್ಳುತ್ತದೆ. ಜನಭಯದ ಮಗುವಿಗೆ ನಾಲ್ಕು ದಿನ ಮೊದಲೇ ಹೊಟ್ಟೆನೋವು, ನಿದ್ದೆಯಿಲ್ಲ. ಎಲ್ಲರೂ ನಗುತ್ತಾರೆ, ನಾನು ತಪ್ಪು ಮಾಡುತ್ತೇನೆ ಎಂಬ ಹೆದರಿಕೆ. ಹೋಗದೆ ಉಳಿದರೂ ನೆಮ್ಮದಿಯಿಲ್ಲ. ಬಹಿರ್ಮುಖಿಗಳಲ್ಲೂ ಸಂಕೋಚದವರಿದ್ದಾರೆ. ಜನ ಬೇಕು, ಆದರೆ ಜನರ ಮುಂದೆ ನಾಲಿಗೆ ಏಳದು. ಅವರ ಪಾಡು ಎಲ್ಲಕ್ಕಿಂತ ಕಷ್ಟ.

ಅಂತರ್ಮುಖತೆಗೆ ಮದ್ದಿಲ್ಲ, ಬೇಕಾಗಿಯೂ ಇಲ್ಲ. ಜನಭಯಕ್ಕೆ ಚಿಕಿತ್ಸೆ ಇದೆ, ಮಾಡಿಸಬೇಕು. ಆ ಹೆದರಿಕೆ ಆರು ತಿಂಗಳು ಬಿಡದೆ ಇದ್ದರೆ, ಶಾಲೆಗೆ ಹೋಗುವುದೇ ತಪ್ಪುತ್ತಿದ್ದರೆ ತಡ ಮಾಡಬೇಡಿ. ಮನೆಯಲ್ಲಿ ಚಟಪಟ ಮಾತಾಡುವ ಮಗು ಶಾಲೆಯಲ್ಲಿ ಒಂದಕ್ಷರವೂ ಆಡದೆ ಒಂದು ತಿಂಗಳು ಮೀರಿದರೆ ಅದು ಬೇರೆಯೇ ತೊಂದರೆ, ಅದನ್ನೂ ತೋರಿಸಬೇಕು (ಹೊಸ ಶಾಲೆಗೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ). ಇಷ್ಟಪಟ್ಟು ಮಾಡುತ್ತಿದ್ದ ಚಿತ್ರ, ಸೈಕಲ್, ಹಾಡು ಎಲ್ಲ ಬಿಟ್ಟು ಸುಮ್ಮನೆ ಮಲಗಿರುವ ಮಗು ಅಂತರ್ಮುಖಿಯಾಗಿದೆ ಅನ್ನಬೇಡಿ. ಅಂತರ್ಮುಖಿಗೆ ಏಕಾಂತದಲ್ಲಿ ಸುಖವಿರುತ್ತದೆ, ಖಿನ್ನತೆಯಲ್ಲಿ ಏಕಾಂತವೂ ರುಚಿಸುವುದಿಲ್ಲ. ಒಮ್ಮೆ ಕಿವಿಯ ಪರೀಕ್ಷೆಯನ್ನೂ ಮಾಡಿಸಿಬಿಡಿ. ಹಿಂದಿನ ಬೆಂಚಿನಲ್ಲಿ ಕೂತು ಪ್ರಶ್ನೆ ಸರಿಯಾಗಿ ಕೇಳಿಸದೆ ಕೈ ಎತ್ತದ ಮಕ್ಕಳು ನಾವು ಎಣಿಸುವುದಕ್ಕಿಂತ ಹೆಚ್ಚಿದ್ದಾರೆ. ಯಜಮಾನರಿಗೂ ಇದೇ ಮಾತು. ಮೊದಲಿಂದ ಮಿತಭಾಷಿಯಾದವರು ಮೆತ್ತು ಹತ್ತಿದರೆ ಅದು ಸ್ವಭಾವ. ಆದರೆ ಮೌನ ಇತ್ತೀಚೆಗೆ ಬಂದದ್ದಾಗಿದ್ದರೆ, ಎರಡು ವಾರಕ್ಕೂ ಹೆಚ್ಚು ಕಾಲ ಊಟ-ನಿದ್ದೆ ಕೆಟ್ಟಿದ್ದರೆ, ತೋಟದ ಮೇಲಿನ ಆಸಕ್ತಿಯೂ ಹೋಗಿದ್ದರೆ ವೈದ್ಯರ ಹತ್ತಿರ ಹೋಗಿ. ಹೋಗುವ ಮೊದಲು ಕೇಳಿ ತಿಳಿದುಕೊಳ್ಳಬೇಕೆಂದರೆ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಪತ್ರದಲ್ಲಿ ಇಂಥ ಲಕ್ಷಣ ಯಾವುದೂ ಕಾಣುವುದಿಲ್ಲ. ಹಾಗಾಗಿ ಮಗಳು ಅಂತರ್ಮುಖಿ, ಜೊತೆಗೆ ಚೂರು ಸಂಕೋಚ ಇದ್ದರೂ ಇರಬಹುದು ಎಂದು ಹಿಡಿದು ಮುಂದೆ ಹೋಗುತ್ತೇನೆ.

ತಿದ್ದಬೇಕೇ ಎಂದು ಕೇಳಿದ್ದೀರಿ. ಅವಳಿಜವಳಿಗಳ ಅಧ್ಯಯನಗಳ ಪ್ರಕಾರ ಈ ಗುಣದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಅರ್ಧದಷ್ಟು ವಂಶವಾಹಿಯದು. ಅಮೆರಿಕದ ಮನೋವಿಜ್ಞಾನಿ ಜೆರೋಮ್ ಕಾಗನ್ ನಾಲ್ಕು ತಿಂಗಳ ಕೂಸುಗಳ ಮುಂದೆ ಹೊಸ ಆಟಿಕೆ ತೂಗಾಡಿಸಿ, ಹೊಸ ವಾಸನೆ ತೋರಿಸಿ ನೋಡಿದರು. ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅತ್ತಿತು. ಅವೇ ಕೂಸುಗಳಲ್ಲಿ ಹಲವು ಬೆಳೆದಾಗ ಹೊಸಬರ ಮುಂದೆ ಎಚ್ಚರದ, ಮೆಲ್ಲಗಿನ ಮಕ್ಕಳಾದವು. ಎಲ್ಲವೂ ಹಾಗಾಗಲಿಲ್ಲ ಎಂಬುದೂ ಅಷ್ಟೇ ಮುಖ್ಯ. ಬುಡ ಬದಲಾಗುವುದು ಕಡಿಮೆ, ಆದರೆ ನಡೆನುಡಿ ಕಲಿಯಬಹುದು. ಯಕ್ಷಗಾನದ ಚೌಕಿಗೆ (ಬಣ್ಣದ ಮನೆಗೆ) ಹೋಗಿ ನೋಡಿದರೆ ಇದು ಗೊತ್ತಾಗುತ್ತದೆ. ಮೂಲೆಯಲ್ಲಿ ಕೂತು ಯಾರ ಗೊಡವೆಗೂ ಹೋಗದೆ ಬಣ್ಣ ಹಚ್ಚಿಕೊಳ್ಳುವವರು ರಂಗಸ್ಥಳದಲ್ಲಿ ಅಬ್ಬರಿಸಬಲ್ಲರು. ಪಾತ್ರ ಗೊತ್ತಿದೆ, ಪ್ರಸಂಗ ಗೊತ್ತಿದೆ, ಎಲ್ಲಿ ಪ್ರವೇಶ, ಎಲ್ಲಿ ನಿರ್ಗಮನ ಎಂಬುದು ಗೊತ್ತಿದೆ. ಕೆನಡಾದ ಮನೋವಿಜ್ಞಾನಿ ಬ್ರಯಾನ್ ಲಿಟಲ್ ಹೇಳಿದ್ದೂ ಇದನ್ನೇ: ತನಗೆ ಮುಖ್ಯವೆನಿಸಿದ ಕೆಲಸಕ್ಕಾಗಿ ಮನುಷ್ಯ ಸ್ವಭಾವ ಮೀರಿ ನಡೆಯಬಲ್ಲ, ಆದರೆ ಆಮೇಲೆ ಸುಧಾರಿಸಿಕೊಳ್ಳಲು ಅವನಿಗೊಂದು ಮೂಲೆ ಬೇಕು.

ಫಿನ್ಲೆಂಡಿನ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಜನರೊಡನೆ ಬೆರೆತು ಚಟುವಟಿಕೆಯಿಂದ ಇದ್ದ ಹೊತ್ತಿನಲ್ಲಿ ಎಲ್ಲರ ಮನಸ್ಸೂ ಹಗುರವಾಗಿತ್ತು. ಮೂರು ತಾಸಿನ ಬಳಿಕ ಎಲ್ಲರೂ ದಣಿದಿದ್ದರು, ಬಹಿರ್ಮುಖಿಗಳೂ. "ಅಂತರ್ಮುಖಿಯ ಬ್ಯಾಟರಿ ಜನರಿಂದ ಇಳಿಯುತ್ತದೆ, ಬಹಿರ್ಮುಖಿಯದು ಏರುತ್ತದೆ" ಎಂಬ ಜನಪ್ರಿಯ ಮಾತು ಕೇಳಲು ಚೆಂದ, ಪೂರ್ತಿ ಸರಿಯಲ್ಲ. ಅಂತರ್ಮುಖಿಗಳು ಇನ್ನೊಂದು ಕಡೆ ಎಡವುತ್ತಾರೆ. ಹೋಗುವ ಮೊದಲು "ಅಲ್ಲಿ ಬೇಜಾರಾಗುತ್ತದೆ" ಎಂದು ನಿಜಕ್ಕಿಂತ ಜಾಸ್ತಿ ಊಹಿಸಿಕೊಂಡುಬಿಡುತ್ತಾರೆ. ಆದ್ದರಿಂದ ಮಗಳು ಬೇಡ ಅಂದಾಗಲೆಲ್ಲ ಬಿಟ್ಟುಬಿಡುವುದೂ ಸರಿಯಲ್ಲ. ಕರೆದೊಯ್ಯಿರಿ, ಅಳತೆ ನೋಡಿಕೊಂಡು.

ಮದುವೆ ಮನೆಗೆ ಹನ್ನೆರಡು ಗಂಟೆಗೆ ಹೋದರೆ ಇನ್ನೂರು ಮುಖಗಳು ಒಟ್ಟಿಗೆ ತಿರುಗುತ್ತವೆ. ಒಂಬತ್ತಕ್ಕೆ ಹೋದರೆ ಚಪ್ಪರದಲ್ಲಿ ಇಪ್ಪತ್ತೇ ಜನ. ಆಮೇಲೆ ಬರುವವರು ಒಬ್ಬೊಬ್ಬರಾಗಿ ಬರುತ್ತಾರೆ, ಕಣ್ಣಿಗೆ ಒಗ್ಗುತ್ತಾರೆ. ಹೋದ ಕೂಡಲೇ ಕೈಗೊಂದು ಕೆಲಸ ಕೊಡಿಸಿ. 11 ವರ್ಷದವಳು ಪಂಕ್ತಿಯಲ್ಲಿ ಉಪ್ಪು, ಉಪ್ಪಿನಕಾಯಿ ಆರಾಮವಾಗಿ ಬಡಿಸಬಲ್ಲಳು. ಇದರ ಗುಟ್ಟು ಇಷ್ಟೇ: ಉಪ್ಪು ಬಡಿಸುವವರು ಒಂದು ಎಲೆಯ ಮುಂದೆ ಎರಡು ಸೆಕೆಂಡಿಗಿಂತ ಹೆಚ್ಚು ನಿಲ್ಲುವುದಿಲ್ಲ, ಮಾತಾಡಬೇಕಾಗಿಲ್ಲ, ಆದರೆ ಎಲ್ಲರ ಮುಖ ನೋಡಿದ ಹಾಗಾಗುತ್ತದೆ. ಎರಡು ಮದುವೆ ಕಳೆಯಲಿ, ಆಮೇಲೆ ಪಾಯಸಕ್ಕೆ ಬಡ್ತಿ ಕೊಡಿ, ಅಲ್ಲಿ "ಇನ್ನೂ ಸ್ವಲ್ಪ?" ಎಂದು ಕೇಳಬೇಕಾಗುತ್ತದೆ. ಮೊದಲ ದಿನವೇ ಪಾಯಸದ ಸೌಟು ಕೊಟ್ಟರೆ ಕೆಡುತ್ತದೆ. ಯಾರಾದರೊಬ್ಬರು "ಓಹೋ, ಯಾರ ಮಗಳು? ಯಾವ ಶಾಲೆ?" ಎಂದು ಹಿಡಿದು ನಿಲ್ಲಿಸುತ್ತಾರೆ, ಹಿಂದಿನ ಎಲೆಯವರು ಕರೆಯುತ್ತಾರೆ, ಅವಳು ಸೌಟು ಬಿಟ್ಟು ಓಡುತ್ತಾಳೆ, ಮುಂದಿನ ಮದುವೆಗೆ ಬರುವುದಿಲ್ಲ. ಊಟವಾದ ಮೇಲೆ ಮನೆಗೆ ಹೊರಡುವ ಹೊತ್ತನ್ನು ಮೊದಲೇ ಹೇಳಿ, ಹೇಳಿದ ಹೊತ್ತಿಗೇ ಹೊರಡಿ. ನೀವು ಬಾಗಿಲಲ್ಲಿ ನಿಂತು ಇನ್ನೊಂದು ತಾಸು ಮಾತಾಡಿದರೆ ನಿಮ್ಮ ಮಾತನ್ನು ಅವಳು ಮತ್ತೆ ನಂಬುವುದಿಲ್ಲ. (ಈ ತಪ್ಪು ನಿಮ್ಮಿಂದಲೇ ಆಗುವ ಸಂಭವ ಜಾಸ್ತಿ, ಬೇಸರಿಸಬೇಡಿ.) ಮನೆಗೆ ಬಂದ ಮೇಲೆ ಅರ್ಧ ಮುಕ್ಕಾಲು ಗಂಟೆ ಏನೂ ಕೇಳಬೇಡಿ. "ಹ್ಯಾಂಗಾತು?" ಎಂಬ ಪ್ರಶ್ನೆ ಆಮೇಲೆ.

ಶಿರಸಿಯ ಮಾರಿಕಾಂಬಾ ಜಾತ್ರೆಗೂ ಇದೇ ಉಪಾಯ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ತಪ್ಪಿಸಬೇಡಿ. ಆದರೆ ಜಾತ್ರೆ ನಡೆಯುವ ಬಿಡಕಿಬೈಲಿನ ರಾತ್ರಿಯ ನೂಕುನುಗ್ಗಲು, ಮೈಕು, ತೊಟ್ಟಿಲಿನ ಗದ್ದಲಕ್ಕೆ ಎಳೆದೊಯ್ದು "ಖುಷಿ ಪಡು" ಎಂದರೆ ಆಗುವ ಕೆಲಸವಲ್ಲ. ಬೆಳಗ್ಗೆ ಹೋಗಿ ದೇವಿಯ ದರ್ಶನ ಮಾಡಿ, ಎರಡು ಅಂಗಡಿ ನೋಡಿ ಬನ್ನಿ. ರಾತ್ರಿಯ ಜಾತ್ರೆಗೆ ನೀವು ನಿಮ್ಮ ನಾದಿನಿಯನ್ನೋ ಗೆಳತಿಯನ್ನೋ ಕಟ್ಟಿಕೊಂಡು ಹೋಗಿ.

"ಮಾತು ಬತ್ತಿಲ್ಯನೇ?" ಎಂದವರಿಗೆ ಮಗಳ ಪರವಾಗಿ ಕ್ಷಮೆ ಕೇಳಬೇಡಿ. "ಅವರಪ್ಪನ ಹಾಂಗೇ, ಮುಗುಮ್ಮು" ಎಂದು ಅವಳೆದುರು ನಗಬೇಡಿ. ಹತ್ತು ಸಲ ಕೇಳಿದ ಮಗು ಹನ್ನೊಂದನೇ ಸಲ ಅದನ್ನು ತನ್ನ ಹೆಸರೆಂದೇ ತಿಳಿಯುತ್ತದೆ. "ಕೇಳ್ತಾ ಇದ್ದಾಳೆ, ಬೇಕಾದಾಗ ಹೇಳ್ತಾಳೆ" ಎಂದು ಮಾತು ಮುಂದಕ್ಕೆ ಹಾಯಿಸಿ. ಆದರೆ ಅಂತರ್ಮುಖಿ ಎಂಬುದು ಮರ್ಯಾದೆಗೆ ರಿಯಾಯಿತಿ ಅಲ್ಲ. ಬಂದವರಿಗೆ ನೀರು-ಬೆಲ್ಲ ತಂದಿಟ್ಟು, "ಬಂದ್ರಾ?" ಎಂದು ಕೇಳಿ, ಹೊರಡುವಾಗ ಒಮ್ಮೆ ಮುಖ ತೋರಿಸಬೇಕು. ಇಷ್ಟು ಕಡ್ಡಾಯ, ಉಳಿದದ್ದು ಅವಳಿಷ್ಟ ಎಂದು ಗೆರೆ ಹಾಕಿಕೊಡಿ. ಗೆರೆ ಗೊತ್ತಿದ್ದರೆ ಈ ಮಕ್ಕಳು ಬಹಳ ಚೆನ್ನಾಗಿ ನಡೆದುಕೊಳ್ಳುತ್ತಾರೆ. ಎಷ್ಟು ಹೊತ್ತು ಕೂರಬೇಕೋ ತಿಳಿಯದಿದ್ದಾಗಲೇ ಬಾಗಿಲ ಹಿಂದೆ ಅಡಗುವುದು.

ಅಕ್ಕೋರ ಹತ್ತಿರ ಹೋಗುವಾಗ ದೂರು ಒಯ್ಯಬೇಡಿ, ಒಂದು ಕೋರಿಕೆ ಒಯ್ಯಿರಿ. ತರಗತಿಗಳಲ್ಲಿ ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು ಅಮೆರಿಕದ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಧ್ವನಿಮುದ್ರಿಸಿ ಅಳೆದು ತೋರಿಸಿದರು. ಮೂರು ಸೆಕೆಂಡು ಕಾದರೆ ಉತ್ತರಗಳು ಉದ್ದವಾದವು, ಸಾಮಾನ್ಯವಾಗಿ ಸುಮ್ಮನಿರುವ ಮಕ್ಕಳೂ ಬಾಯಿಬಿಟ್ಟರು. ಮನಸ್ಸಿನಲ್ಲಿ "ಒಂದು, ಎರಡು, ಮೂರು" ಎಂದು ಎಣಿಸುವುದಕ್ಕೆ ಅಕ್ಕೋರಿಗೆ ಖರ್ಚೇನೂ ಇಲ್ಲ. ಇದರ ಜೊತೆ ಮೊದಲ ಎರಡು ವಾರ, ನಾಳೆ ಯಾವ ಪ್ರಶ್ನೆ ಕೇಳುತ್ತೇನೆ ಎಂಬುದನ್ನು ಹಿಂದಿನ ದಿನವೇ ಅವಳಿಗೊಬ್ಬಳಿಗೇ ಹೇಳಿಡಲಿ. ಉತ್ತರ ಎದ್ದು ನಿಂತು ಹೇಳಬೇಕಾಗಿಲ್ಲ, ಕೂತಲ್ಲಿಂದ ಸಾಕು. ಮೂರನೇ ವಾರದಿಂದ, ಮೊದಲು ಪಕ್ಕದವಳ ಜೊತೆ ಒಂದು ನಿಮಿಷ ಮಾತಾಡಿಕೊಂಡು ಆಮೇಲೆ ತರಗತಿಗೆ ಹೇಳುವ ಕ್ರಮ. ತಿಂಗಳು ದಾಟಿದ ಮೇಲೆ ದಿನಕ್ಕೊಮ್ಮೆ ತಾನಾಗಿ ಕೈ ಎತ್ತುವುದು. ಒಂದು ಮೆಟ್ಟಿಲು ಸರಾಗವಾಗುವವರೆಗೆ ಇನ್ನೊಂದು ಬೇಡ. "ನೋಡಿ, ಇವತ್ತು ಇವಳು ಮಾತಾಡಿದಳು, ಎಲ್ಲರೂ ಚಪ್ಪಾಳೆ ಹೊಡೆಯಿರಿ" ಎಂಬ ಹೊಗಳಿಕೆ ಮಾತ್ರ ಕೂಡದು, ಅದೊಂದು ಚಪ್ಪಾಳೆ ಹದಿನೈದು ದಿನದ ಕೆಲಸ ತೊಳೆದುಹಾಕುತ್ತದೆ. ಗ್ಯಾದರಿಂಗಿನಲ್ಲಿ (ಶಾಲೆಯ ವಾರ್ಷಿಕೋತ್ಸವದಲ್ಲಿ) ಬಲವಂತವಾಗಿ ವೇದಿಕೆ ಹತ್ತಿಸುವುದೂ ಅಷ್ಟೇ. ಅವಳಿಗೆ ಹಾಡು ಬಂದರೆ ಮೊದಲ ವರ್ಷ ಗುಂಪುಗಾಯನದ ಎರಡನೇ ಸಾಲಿನಲ್ಲಿ ನಿಲ್ಲಲಿ.

'ಬಾಯಿದ್ದವ ಬರಗಾಲದಲ್ಲೂ ಬದುಕಿದ' ಎಂದು ಅತ್ತೆಯವರೋ ಮಾವನವರೋ ಚಿಂತೆ ಮಾಡಿಯಾರು. ಮಾರಾಟದ ಕೆಲಸವನ್ನೇ ತೆಗೆದುಕೊಳ್ಳಿ. 2013ರಲ್ಲಿ ಅಮೆರಿಕದ ಮನೋವಿಜ್ಞಾನಿ ಆಡಮ್ ಗ್ರಾಂಟ್ ಮಾರಾಟ ಪ್ರತಿನಿಧಿಗಳನ್ನು ಅಧ್ಯಯನ ಮಾಡಿದಾಗ ಹೆಚ್ಚು ವ್ಯಾಪಾರ ತಂದವರು ನಡುವಿನವರು, ಅಪ್ಪಟ ಮಾತುಗಾರರಲ್ಲ. ಗಿರಾಕಿ ಹೇಳುವುದನ್ನು ಕೇಳಿಸಿಕೊಳ್ಳುವುದೂ ವ್ಯಾಪಾರವೇ ತಾನೇ.

ಯಜಮಾನರ ಜೊತೆಗಿನ ಒಪ್ಪಂದ ಇನ್ನೂ ಸುಲಭ, ದೊಡ್ಡವರಾದ್ದರಿಂದ. ಅವರು ಎದ್ದು ಹೋಗುವುದಕ್ಕಿಂತ ಹೇಳದೆ ಎದ್ದು ಹೋಗುವುದು ನಿಮಗೆ ನೋಯುತ್ತಿದೆ ಎಂದು ನನ್ನ ಎಣಿಕೆ. ನೆಂಟರಿಗೂ ಅದು ಬಿರುಸಾಗಿ ಕಾಣುತ್ತದೆ. "ಪಂಪ್ ಬಂದ್ ಮಾಡಿ ಬರ್ತೆ" ಎಂಥದೋ ಒಂದು ಮಾತು ಹೇಳಿ ಹೋಗಲಿ, ಅರ್ಧ ಗಂಟೆ ಬಿಟ್ಟು ಮತ್ತೆ ಬಂದು ಹದಿನೈದು ನಿಮಿಷ ಕೂರಲಿ, ಕಳಿಸಿಕೊಡಲು ದಣಪೆವರೆಗೆ ಬರಲಿ. ನೀವು ಬೆನ್ನಿಗೇ ಮೆತ್ತು ಹತ್ತಿ "ಏನಾಯ್ತು? ಯಾಕೆ ಬಂದ್ರಿ? ಸಿಟ್ಟಾ?" ಎಂದು ಕೇಳದಿದ್ದರೆ ಆ ಅರ್ಧ ಗಂಟೆ ಸಾಕಾಗುತ್ತದೆ. ಕೇಳಿದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ಜಗಳದಲ್ಲೂ ನಿಮ್ಮಿಬ್ಬರ ದಾರಿ ಬೇರೆ. ನಿಮಗೆ ಮಾತಾಡುತ್ತಾ ಮಾತಾಡುತ್ತಾ ವಿಚಾರ ತಿಳಿಯಾಗುತ್ತದೆ, ಅವರಿಗೆ ತಿಳಿಯಾದ ಮೇಲೆ ಮಾತು ಹೊರಡುತ್ತದೆ. ಸ್ಥಳದಲ್ಲೇ ಉತ್ತರ ಬೇಕೆಂದು ನೀವು ಹಿಡಿಯುತ್ತೀರಿ, ಅವರು ಬಾಯಿ ಮುಚ್ಚುತ್ತಾರೆ, ಆ ಮೌನ ನಿಮಗೆ ತಾತ್ಸಾರದಂತೆ ಕಾಣುತ್ತದೆ, ನಿಮ್ಮ ದನಿ ಏರುತ್ತದೆ, ಅವರು ತೋಟಕ್ಕೆ ಹೋಗುತ್ತಾರೆ. ವಿಷಯವೇನೆಂದು ರಾತ್ರಿ ಎರಡು ವಾಕ್ಯದಲ್ಲಿ ಹೇಳಿಬಿಡಿ. ಮಾತು ಮರುದಿನ ಬೆಳಗಿನ ಚಾದ ಹೊತ್ತಿಗೆ. ಈ ಏರ್ಪಾಡು ಕೆಡುವುದು ಒಂದೇ ಕಡೆ: ಅಂತರ್ಮುಖಿಗಳು "ಆಮೇಲೆ" ಎಂದದ್ದನ್ನು ಆಮೇಲೆಯೇ ಇಟ್ಟುಬಿಡುತ್ತಾರೆ. ಆದ್ದರಿಂದ ಹೊತ್ತು ಗೊತ್ತುಮಾಡುವುದು ಅವರ ಜವಾಬ್ದಾರಿಯಾಗಿರಲಿ.

ಇನ್ನು ನಿಮ್ಮ ಪತ್ರದಲ್ಲಿ ನೀವು ಕೇಳದೆ ಬಿಟ್ಟ ಪ್ರಶ್ನೆ. ಗಂಡನಿಗೆ ಏನಾಗಿದೆ, ಮಗಳಿಗೆ ಏನಾಗಿದೆ ಎಂದು ಕೇಳಿದಿರಿ. ನನಗೆ ಕಂಡ ಮಟ್ಟಿಗೆ ಈ ಮನೆಯಲ್ಲಿ ಅಳತೆ ತಪ್ಪಿರುವುದು ನಿಮ್ಮದು. ಅವರಿಬ್ಬರಿಗೆ ಬೇಕಾದ ಏಕಾಂತ ತೋಟದ ಮನೆಯಲ್ಲಿ ಪುಕ್ಕಟೆ ಸಿಗುತ್ತದೆ. ಕಾರವಾರದ ಭಾನುವಾರದ ಸಂತೆಯಲ್ಲಿ ಅರ್ಧ ತಾಸಿಗೆ ನಲವತ್ತು ಜನರ ಜೊತೆ ಮಾತಾಡಿ ಬೆಳೆದವರಿಗೆ ಇಲ್ಲಿ ದಿನಕ್ಕೆ ನಾಲ್ಕು ಮುಖ. ಹಸಿದ ಬಹಿರ್ಮುಖಿಯ ಲಕ್ಷಣಗಳು ಹೊರಗೆ ಬೇರೆಯಾಗಿ ಕಾಣುತ್ತವೆ: ಮಧ್ಯಾಹ್ನದ ಮಂಕು, ಕೈಯಲ್ಲಿ ಸದಾ ಮೊಬೈಲು, ಸಣ್ಣದಕ್ಕೂ ಕಿರಿಕಿರಿ, ಗಂಡ ಬಾಗಿಲಿಗೆ ಬಂದ ಕೂಡಲೇ ಇಡೀ ದಿನದ ಮಾತು ಒಟ್ಟಿಗೆ ಸುರಿಯುವುದು. ಅವರು ಅಷ್ಟನ್ನೂ ಹಿಡಿಯಲಾರರು. ಒಬ್ಬ ಅಂತರ್ಮುಖಿ ಗಂಡನಿಂದ ಒಂದು ಊರಿನ ಕೆಲಸ ಮಾಡಿಸಲು ಹೊರಟರೆ ಇಬ್ಬರೂ ಸೋಲುತ್ತೀರಿ.

ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ನಿಮಗೆ ಈ ತೊಂದರೆ ಅಷ್ಟಾಗಿ ಇರಲಿಕ್ಕಿಲ್ಲ. ಸುಲಿಯಲು ಜನ ಬರುತ್ತಾರೆ, ಮೆಟ್ಟುಗತ್ತಿಯ ಸುತ್ತ ಮಾತು ನಡೆಯುತ್ತದೆ. ಕಷ್ಟ ಬರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆ ಹಿಡಿದು ಕರೆಂಟು ಹೋದಾಗ. ಆ ನಾಲ್ಕು ತಿಂಗಳಿಗೆ ಮೇ ತಿಂಗಳಲ್ಲೇ ವ್ಯವಸ್ಥೆ ಮಾಡಿಕೊಳ್ಳಿ. ವಾರಕ್ಕೆ ಎರಡು ಸಲ, ದಿನ-ಹೊತ್ತು ಗೊತ್ತುಮಾಡಿದ ಭೇಟಿ ಬೇಕು: ಸ್ವಸಹಾಯ ಸಂಘದ ಸಭೆ, ಭಜನೆ, ಮಹಿಳೆಯರ ತಾಳಮದ್ದಳೆಯ ಅಭ್ಯಾಸ, ಯಾವುದಾದರೂ ಆಗಬಹುದು. "ಯಾರಾದರೂ ಬಂದರೆ ಮಾತಾಡಿದರಾಯಿತು" ಎಂದು ಕೂತರೆ ಮಳೆಗಾಲದಲ್ಲಿ ಯಾರೂ ಬರುವುದಿಲ್ಲ. ಮೆಸೇಜು ಸಾಲದು. ದನಿ ಕೇಳಿಸುವ ಹಾಗೆ ಅಕ್ಕನಿಗೋ ಗೆಳತಿಗೋ ದಿನಕ್ಕೆ ಇಪ್ಪತ್ತು ನಿಮಿಷ ಫೋನು ಮಾಡಿ, ಯಜಮಾನರು ತೋಟದಿಂದ ಬರುವ ಮೊದಲೇ. ಎರಡು ತಿಂಗಳಿಗೊಮ್ಮೆ ದೇವಿಮನೆ ಘಾಟಿ ಇಳಿದು ತವರಿಗೆ ಹೋಗಿ ಎರಡು ರಾತ್ರಿ ಇದ್ದು ಬನ್ನಿ. ಅದಕ್ಕೆ ಯಾರದಾದರೂ ಮದುವೆ-ಮುಂಜಿಯ ನೆಪ ಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದರೂ ನಿಮ್ಮ ಮನೆಯ ಅಳತೆ ನನಗೆ ಗೊತ್ತಾಗುವುದಿಲ್ಲ, ನೀವೇ ತೆಗೆಯಬೇಕು. ಹಳೆಯ ನೋಟ್‌ಬುಕ್ಕಿನಲ್ಲಿ 14 ದಿನ ಬರೆಯಿರಿ. ಅವತ್ತು ಎಷ್ಟು ಜನರ ಜೊತೆ, ಎಷ್ಟು ತಾಸು. ರಾತ್ರಿ ಮಲಗುವಾಗ ಮನಸ್ಸಿಗೆ ಹತ್ತಕ್ಕೆ ಎಷ್ಟು ಅಂಕ. ಮರುದಿನ ಬೆಳಗ್ಗೆ ಎಷ್ಟು. ಮೂವರಿಗೂ ಬೇರೆ ಬೇರೆ ಪುಟ. ಬೆಳಗಿನ ಅಂಕ ತಪ್ಪಿಸಬೇಡಿ, ಗದ್ದಲದ ದಿನದ ದಣಿವು ಹಲವು ಸಲ ರಾತ್ರಿ ಕಾಣದೆ ಬೆಳಗ್ಗೆ ಕಾಣುತ್ತದೆ. ಯಾವ ದಿನ ಎಷ್ಟು ಜನರಿದ್ದಾಗ ಯಾರ ಅಂಕ ಇಳಿಯಿತು, ಯಾರೂ ಬಾರದ ದಿನ ಯಾರ ಅಂಕ ಇಳಿಯಿತು ಎಂಬುದು ಎರಡು ವಾರದಲ್ಲಿ ಪುಟದ ಮೇಲೆ ಬರುತ್ತದೆ. ಮುಂದಿನ ತಿಂಗಳ ನೆಂಟರ ದಿನಗಳನ್ನು ಅದನ್ನು ನೋಡಿಕೊಂಡು ಇಡಿ. ಮಗಳ ಅಂಕವನ್ನು ಮಗಳೇ ಹಾಕಲಿ, ನೀವು ಇಣುಕಿ "ಇಷ್ಟು ಕಡಿಮೆ ಯಾಕೆ?" ಎಂದು ಕೇಳಬೇಡಿ.